ಕೊಟ್ಟ ಮಗಳು

ದೊಡ್ಡ ಮಗಳು ಕನ್ಯಾಮಠ ಬಿಟ್ಟು ಮನೆಗೆ ಬಂದದ್ದು ಒಂದು ಸೋಮವಾರ, ಅಮ್ಮ ಮಧ್ಯಾಹ್ನದ ಅಡುಗೆಗೆ ಅಕ್ಕಿ ತೊಳೆಯುತ್ತಿದ್ದ ಹೊತ್ತಿನಲ್ಲಿ. ಮೂರು ವರ್ಷದ ಹಿಂದೆ ಅವಳನ್ನು ಕಳಿಸಿಕೊಡಲು ಅರ್ಧ ಬೀದಿಯೇ ಬಸ್ ನಿಲ್ದಾಣಕ್ಕೆ ಬಂದಿತ್ತು. ಚರ್ಚಿನ ಹಾಡುಗಾರರು ಬಸ್ಸು ಹೊರಡುವವರೆಗೂ ಹಾಡಿದ್ದರು. ಈಗ ಅವಳೊಬ್ಬಳೇ ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಿದ್ದಳು.

ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಬಟಾಣಿ ಸುಲಿಯುತ್ತಿದ್ದ ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು.

"ಯಾರಮ್ಮಾ? ಹಾಲಿನವಳಾ?"

"ನಾನು ಅಜ್ಜಿ. ದೊಡ್ಡವಳು."

"ಅಯ್ಯೋ ನನ್ನ ಬಂಗಾರ! ತಲೆ ಮೇಲಿನ ಬಟ್ಟೆ ಎಲ್ಲೇ?"

"ಮಡಿಸಿ ಕೊಟ್ಟು ಬಂದೆ."

ಅಮ್ಮ ಒದ್ದೆ ಕೈಯಲ್ಲೇ ಹೊರಗೆ ಬಂದಳು. ಮಗಳ ಮುಖ ನೋಡಿದಳು, ಪೆಟ್ಟಿಗೆ ನೋಡಿದಳು.

"ರಜಾನಾ?"

"ಅಲ್ಲಮ್ಮ."

"ಮೈ ಹುಷಾರಿಲ್ವಾ?"

"ಚೆನ್ನಾಗಿದೀನಿ."

"ಮತ್ತೆ?"

"ಬಂದುಬಿಟ್ಟೆ ಅಮ್ಮ. ಅವರೇನೂ ಹೊರಗೆ ಹಾಕಲಿಲ್ಲ. ನಾನೇ ಬಂದೆ."

ಅಮ್ಮ ಅಡುಗೆಮನೆಗೆ ಹಿಂದಿರುಗಿದಳು. ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ಇನ್ನೊಂದು ಹಿಡಿ ಅಕ್ಕಿ ಪಾತ್ರೆಗೆ ಬಿತ್ತು. ಅಜ್ಜಿ ಮೊಮ್ಮಗಳ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡು ಪಿಸುಗುಟ್ಟಿದಳು: "ಅಕ್ಕಿ ಹಾಕಿದಾಳೆ. ಮಾತು ನಿಧಾನಕ್ಕೆ ಬರುತ್ತೆ. ತಗೋ, ಬಟಾಣಿ ಸುಲಿ."

ದೊಡ್ಡವಳು ಹತ್ತು ತಿಂಗಳ ಕೂಸಾಗಿದ್ದಾಗ ಜ್ವರ ನೆತ್ತಿಗೇರಿ ಮೂರು ದಿನ ಕಣ್ಣೇ ಬಿಟ್ಟಿರಲಿಲ್ಲ. ಡಾಕ್ಟರು ಕೈ ಚೆಲ್ಲಿದ್ದರು. ಅಮ್ಮ ಆಸ್ಪತ್ರೆಯ ಮೊಗಸಾಲೆಯಲ್ಲಿ ಮೊಣಕಾಲೂರಿ, "ಉಳಿಸಿಕೊಡು ತಂದೆಯೇ, ಇವಳನ್ನ ನಿನಗೇ ಕೊಡ್ತೀನಿ" ಎಂದು ಹರಕೆ ಹೊತ್ತಳು. ನಾಲ್ಕನೆಯ ದಿನ ಕೂಸು ಕಣ್ಣು ಬಿಟ್ಟು ಹಾಲಿಗೆ ಅತ್ತಿತು. ಅಂದಿನಿಂದ ಅವಳು ದೇವರಿಗೆ ಕೊಟ್ಟ ಮಗಳು. ದೊಡ್ಡವಳಾದ ಮೇಲೆ ಏನಾಗುತ್ತೀಯೆಂದು ಬೀದಿಯ ಎಲ್ಲ ಮಕ್ಕಳನ್ನೂ ಕೇಳುವವರಿದ್ದರು. ಇವಳನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಉತ್ತರ ಎಲ್ಲರಿಗೂ ಗೊತ್ತಿತ್ತು.

ಸಂಜೆ ಅಪ್ಪ ಬಂದ. ಅವನು ಮನೆಗಳಿಗೆ ಬಣ್ಣ ಹೊಡೆಯುವವನು; ಅವತ್ತು ಯಾರದೋ ಹಳೇ ಗೋಡೆ ಕೆರೆದು ಹುಬ್ಬೂ ತಲೆಯೂ ಬೆಳ್ಳಗಾಗಿದ್ದವು. ಮಗಳನ್ನು ಕಂಡು ಹೆಗಲ ಮೇಲಿನ ಏಣಿ ಇಳಿಸುವುದನ್ನೂ ಮರೆತು ನಿಂತ.

"ಇದೇನು ಮಗಳೇ?"

"ಬಂದೆ ಅಪ್ಪ. ಇನ್ನು ಹೋಗಲ್ಲ."

ಅಪ್ಪ ಅಡುಗೆಮನೆಯ ಕಡೆ ಓರೆಗಣ್ಣಲ್ಲಿ ನೋಡಿದ. ಅಲ್ಲಿಂದ ಪಾತ್ರೆಗಳ ಸದ್ದು ಜೋರಾಗಿಯೇ ಬರುತ್ತಿತ್ತು.

"ಸರಿ," ಎಂದ ದನಿ ತಗ್ಗಿಸಿ. "ಊಟ ಮಾಡೋಣ ಮೊದಲು."

ಕಾಲೇಜಿನಿಂದ ಬಂದ ಚಿಕ್ಕವಳು ಅಕ್ಕನನ್ನು ಅಪ್ಪಿಕೊಂಡಳು, ಆಮೇಲೆ ಗಂಟು ಮುಖ ಹಾಕಿದಳು. "ಅಂದ್ರೆ ಮಂಚ ಮತ್ತೆ ಇಬ್ಬರಿಗಾ? ಮೂರು ವರ್ಷ ರಾಣಿ ಥರ ಮಲಗಿದ್ದೆ ಕಣೇ."

"ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರೆ," ಎಂದಳು ಅಜ್ಜಿ. "ಇವಳು ಒಳಗೇ ಬಂದು ಕೂತಿದಾಳೆ. ಜರುಗು ಅತ್ತ, ಜಾಗ ಕೊಡು."

ಆ ವಾರವೆಲ್ಲ ಅಮ್ಮ ದೊಡ್ಡವಳೊಂದಿಗೆ ನೇರವಾಗಿ ಮಾತಾಡಲಿಲ್ಲ. ಹೇಳಬೇಕಾದ್ದನ್ನು ಚಿಕ್ಕವಳ ಮೂಲಕ ಹೇಳಿಸುತ್ತಿದ್ದಳು. "ಬಟ್ಟೆ ಒಣಗಿದೆ ಅಂತ ಹೇಳು ಅವಳಿಗೆ." "ಚಹಾ ಆರ್ತಾ ಇದೆ ಅಂತ ಹೇಳು." ದೊಡ್ಡವಳು ಹೇಳಿಸಿಕೊಳ್ಳುವ ಮೊದಲೇ ಎದ್ದು ಮಾಡುತ್ತಿದ್ದಳು. ನೀರು ತುಂಬಿಸಿದಳು, ನೆಲ ಒರೆಸಿದಳು, ಅಜ್ಜಿಯ ತಲೆ ಬಾಚಿದಳು. ಅಮ್ಮ ಕಿಟಕಿಯ ಬಳಿ ಹೊಲಿಗೆ ಮೆಷಿನಿನ ಮುಂದೆ ಕೂತು ಚರ್ಚಿನ ಪೀಠಕ್ಕೆ ಹಾಸುವ ಬಿಳಿ ಬಟ್ಟೆಗೆ ಅಂಚು ಹೊಲಿಯುತ್ತಿದ್ದಳು. ಇಪ್ಪತ್ತು ವರ್ಷದಿಂದ ಆ ಚರ್ಚಿನ ಬಟ್ಟೆಗಳೆಲ್ಲ ಅವಳ ಕೈಯವೇ.

ಭಾನುವಾರ ಪೂಜೆ ಮುಗಿದ ಮೇಲೆ ಹೆಂಗಸರು ಸುತ್ತುವರಿದರು. "ಮಗಳು ರಜಕ್ಕೆ ಬಂದಿದಾಳಾ?"

"ಹೂಂ," ಎಂದಳು ಅಮ್ಮ.

"ಇಲ್ಲ ಆಂಟಿ," ಎಂದಳು ಪಕ್ಕದಲ್ಲಿದ್ದ ದೊಡ್ಡವಳು. "ಬಿಟ್ಟು ಬಂದೆ."

ಮನೆಗೆ ನಡೆದು ಬರುವಾಗ ಅಮ್ಮ ಎಲ್ಲರಿಗಿಂತ ಇಪ್ಪತ್ತು ಹೆಜ್ಜೆ ಮುಂದಿದ್ದಳು.

ಸುಮ್ಮನೆ ಕೂರಲಾಗದೆ ದೊಡ್ಡವಳು ಅಪ್ಪನ ಜೊತೆ ನಾಲ್ಕು ದಿನ ಕೆಲಸಕ್ಕೆ ಹೋದಳು. ಐದನೆಯ ದಿನ ಅಪ್ಪ ಬಾಯಿಬಿಟ್ಟ. "ಬೇಜಾರು ಮಾಡ್ಕೋಬೇಡ ಮಗಳೇ. ನೀನು ಗೋಡೆಗಿಂತ ನೆಲಕ್ಕೇ ಜಾಸ್ತಿ ಬಣ್ಣ ಹೊಡೀತೀಯ." ಅವಳೂ ನಕ್ಕಳು. ಆಮೇಲೆ ನೆರೆಮನೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡಲು ಕೂತಳು. ಮಠದವರು ಅವಳನ್ನು ಟೀಚರ್ ಮಾಡಬೇಕೆಂದೇ ಇದ್ದರು. ಮಕ್ಕಳು ಅವಳನ್ನು ಇಷ್ಟಪಟ್ಟರು, ಲೆಕ್ಕ ಮಾತ್ರ ಕಲಿಯಲಿಲ್ಲ. "ಅವಳು ಬಯ್ಯೋದೇ ಇಲ್ಲ," ಎಂದು ಒಂದು ಮಗು ತಾಯಿಗೆ ದೂರು ಹೇಳಿತು.

ಮೂರನೆಯ ವಾರ ಒಂದು ಬೆಳಿಗ್ಗೆ ಅವಳು ಅಜ್ಜಿಗೆ ಸ್ನಾನ ಮಾಡಿಸಲು ಚಪ್ಪಲಿ ಬಿಚ್ಚಿದಾಗ ಎಡಗಾಲಿನದು ಬರಲಿಲ್ಲ. ಎಳೆದಳು. ಕುರ್ಚಿಯಿಂದ ಉದುರಿದ್ದ ಮೊಳೆಯೊಂದು ಚಪ್ಪಲಿಯನ್ನು ತೂರಿ ಅಜ್ಜಿಯ ಅಂಗಾಲಿಗೆ ಇಳಿದಿತ್ತು.

"ಅಜ್ಜೀ! ನೋವಾಗಲಿಲ್ವಾ?"

"ಏನು ನೋವು? ನಿನ್ನೆಯಿಂದ ಚಪ್ಪಲಿ ಕಾಲು ಬಿಡ್ತಾನೇ ಇರಲಿಲ್ಲ. ಬಿಗಿಯಾಗಿ ಹಿಡ್ಕೊಂಡಿದೆ, ಒಳ್ಳೇದಾಯ್ತು ಅಂದ್ಕೊಂಡೆ."

ಅಜ್ಜಿಗೆ ಹದಿನಾರು ವರ್ಷದಿಂದ ಸಕ್ಕರೆ ಕಾಯಿಲೆ. ಆಸ್ಪತ್ರೆಯಲ್ಲಿ ಗಾಯ ತೊಳೆದು ಕಟ್ಟಿದ ನರ್ಸು, ಇವರ ಕಾಲಿನ ಸ್ಪರ್ಶ ಹೋಗಿದೆ, ಈಗಲೇ ಹೋಗಿ ತೋರಿಸಿ ಬೇರೆ ಜೋಡು ಮಾಡಿಸಿ, ಇಲ್ಲದಿದ್ದರೆ ಇವತ್ತು ಮೊಳೆ, ನಾಳೆ ಕಾಲು, ಎಂದಳು. ಜೋಡು ಮಾಡುವ ಕಾರ್ಖಾನೆ ಆಸ್ಪತ್ರೆಯ ಹಿಂಬದಿಯಲ್ಲೇ ಇತ್ತು. ಕಾರ್ಖಾನೆ ಎನ್ನುವುದೇ ಹೆಚ್ಚು: ತಗಡಿನ ಸೂರಿನ ಒಂದು ಉದ್ದನೆ ಕೋಣೆ, ಗೋಡೆಯ ತುಂಬ ಸಾಲಾಗಿ ನೇತುಹಾಕಿದ ಮರದ ಪಾದಗಳು, ಚರ್ಮ ಮತ್ತು ಅಂಟಿನ ವಾಸನೆ. ಅಲ್ಲಿ ಜೋಡಿನ ತಳಕ್ಕೆ ಅಟ್ಟೆ ಕೊಯ್ಯುತ್ತಿದ್ದ ಮುದುಕನನ್ನು ಎಲ್ಲರೂ ಅಟ್ಟೆ ಮೇಷ್ಟ್ರು ಎನ್ನುತ್ತಿದ್ದರು.

ಮೇಷ್ಟ್ರು ಅಜ್ಜಿಯನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ ಕಣ್ಣು ಮುಚ್ಚಲು ಹೇಳಿದರು. ಗಟ್ಟಿ ನೈಲಾನ್ ಎಳೆಯೊಂದರ ತುದಿಯನ್ನು ಬಲ ಅಂಗಾಲಿಗೆ ಅಲ್ಲಲ್ಲಿ ಒತ್ತಿದರು.

"ತಗಲಿದಾಗ ಹೇಳಿ ಅಜ್ಜಿ."

"ಹೂಂ."

ಹತ್ತು ಕಡೆ ಒತ್ತಿದರು. ಅಜ್ಜಿಗೆ ಬೇಸರ ಬಂತು. "ಯಾವಾಗಪ್ಪಾ ಶುರು ಮಾಡ್ತೀಯ?"

ಮೇಷ್ಟ್ರು ಎಳೆಯನ್ನು ಕೆಳಗಿಟ್ಟರು. "ಮುಗೀತಮ್ಮ."

ದೊಡ್ಡವಳು ನೆಲದ ಮೇಲೆ ಕೂತು ಅಜ್ಜಿಯ ಬಲಗಾಲನ್ನು ಮಡಿಲಿಗೆ ಎಳೆದುಕೊಂಡಿದ್ದಳು. ಯಾರೂ ಹೇಳಿರಲಿಲ್ಲ. ಎರಡೂ ಅಂಗೈಗಳಿಂದ ಹಿಮ್ಮಡಿಯಿಂದ ಬೆರಳಿನವರೆಗೆ ನಿಧಾನವಾಗಿ ಸವರಿದಳು, ಮತ್ತೆ ಸವರಿದಳು.

"ಮೇಷ್ಟ್ರೇ, ಇಲ್ಲಿ ಹೆಬ್ಬೆರಳ ಬುಡದಲ್ಲಿ ಬೇರೆ ಕಡೆಗಿಂತ ಬೆಚ್ಚಗಿದೆ. ಗಾಯ ಏನೂ ಕಾಣಿಸ್ತಿಲ್ಲ."

ಮೇಷ್ಟ್ರು ಕನ್ನಡಕ ಹಣೆಗೆ ಏರಿಸಿ ಬಗ್ಗಿ ಮುಟ್ಟಿ ನೋಡಿದರು. ತುಂಬ ಹೊತ್ತು ಮುಟ್ಟಿ ನೋಡಿದರು.

"ಹೌದು. ಒಳಗೊಳಗೇ ಏಳ್ತಾ ಇದೆ. ಇನ್ನು ಹತ್ತು ದಿನಕ್ಕೆ ಹುಣ್ಣಾಗ್ತಿತ್ತು." ಅವಳ ಮುಖ ನೋಡಿದರು. "ಈ ವ್ಯತ್ಯಾಸ ನನ್ನ ಕೈಗೆ ಹತ್ತೋಕೆ ನಾಲ್ಕು ವರ್ಷ ಬೇಕಾಯ್ತು. ನಿನಗೆ ಯಾರು ಹೇಳಿಕೊಟ್ಟರು?"

"ಯಾರೂ ಇಲ್ಲ."

"ಇಲ್ಲೇ ಇರ್ತೀಯಾ?"

ಅವತ್ತು ಮಧ್ಯಾಹ್ನ ದೊಡ್ಡವಳು ಎರಡನೆಯ ಸಲ ಅನ್ನ ಬಡಿಸಿಕೊಂಡಳು. ಪಾತ್ರೆ ತೊಳೆಯುವಾಗ ಗುನುಗಿದಳು. ಮನೆಗೆ ಬಂದಾಗಿನಿಂದ ಅವಳ ಬಾಯಲ್ಲಿ ಹಾಡು ಕೇಳಿದ್ದು ಅದೇ ಮೊದಲೆಂದು ಅಜ್ಜಿ ಲೆಕ್ಕ ಹಾಕಿದಳು.

ಸಂಜೆಯ ಊಟಕ್ಕೆ ಎಲ್ಲರೂ ಕೂತಾಗ, ಅಪ್ಪ ಎಂದಿನಂತೆ ಊಟದ ಪ್ರಾರ್ಥನೆಯನ್ನು ರೈಲಿಗೆ ಹೊತ್ತಾದವನ ಹಾಗೆ ಹೇಳಿ ಮುಗಿಸಿದ ಮೇಲೆ, ಅವಳು ವಿಷಯ ಎತ್ತಿದಳು.

"ಅಮ್ಮ, ನಾಳೆಯಿಂದ ನಾನು ಕೆಲಸಕ್ಕೆ ಹೋಗ್ತೀನಿ."

ಅಮ್ಮ ಚಿಕ್ಕವಳ ಕಡೆ ತಿರುಗಿದಳು. "ಯಾವ ಕೆಲಸ ಅಂತ ಕೇಳು."

"ಅಮ್ಮ, ಅವಳು ನಿನ್ನ ಎದುರಿಗೇ ಕೂತಿದಾಳೆ. ನಾನೇನು ಟೆಲಿಫೋನಾ?"

"ಅಟ್ಟೆ ಮೇಷ್ಟ್ರ ಹತ್ತಿರ," ಎಂದಳು ದೊಡ್ಡವಳು. "ಸ್ಪರ್ಶ ಇಲ್ಲದ ಕಾಲಿನವರಿಗೆ ಜೋಡು ಮಾಡೋದು. ಆರು ತಿಂಗಳು ಕಲಿಯಬೇಕು."

ಇಪ್ಪತ್ತು ದಿನದಿಂದ ಕಟ್ಟಿಟ್ಟಿದ್ದ ಮಾತು ಅಮ್ಮನಿಂದ ಒಮ್ಮೆಗೇ ಹೊರಬಿತ್ತು. "ದೇವರ ಪೀಠದ ಮುಂದೆ ನಿಲ್ಲಬೇಕಾಗಿದ್ದವಳು ಕಂಡಕಂಡವರ ಕಾಲು ಹಿಡಿಯೋಕೆ ಹೋಗ್ತೀಯಾ? ಇದಕ್ಕಾ ನಾನು ನಿನ್ನ ಆತನಿಗೆ ಕೊಟ್ಟದ್ದು?"

"ಕಾಲು ಹಿಡಿದರೆ ಏನಾಯ್ತೇ?" ಅಜ್ಜಿ ಅಡ್ಡ ಬಾಯಿ ಹಾಕಿದಳು. "ಸ್ವಾಮಿ ಸೊಂಟಕ್ಕೆ ಟವೆಲು ಸುತ್ತಿಕೊಂಡು ಹನ್ನೆರಡು ಜನರ ಕಾಲು ತೊಳೀಲಿಲ್ವಾ? ಅದರಲ್ಲಿ ಬೆಸ್ತರ ಕಾಲೂ ಇದ್ದವು. ಎಷ್ಟು ನಾರ್ತಿದ್ವೋ ಏನೋ!"

"ಅತ್ತೆ, ನೀವು ಸುಮ್ಮನಿರಿ. ನಿಮ್ಮ ಸಲಿಗೆಯಿಂದಲೇ ಇವಳು ಹೀಗಾಗಿದ್ದು." ಅಮ್ಮ ಮಗಳತ್ತ ತಿರುಗಿದಳು. "ಅಲ್ಲಿ ನಿನಗೇನು ಕಮ್ಮಿಯಾಗಿತ್ತು? ಯಾರಾದರೂ ಏನಾದರೂ ಅಂದ್ರಾ?"

"ಯಾರೂ ಏನೂ ಅನ್ನಲಿಲ್ಲಮ್ಮ. ಎಲ್ಲರೂ ಒಳ್ಳೆಯವರೇ." ದೊಡ್ಡವಳು ತಟ್ಟೆಯಲ್ಲಿ ಬೆರಳಾಡಿಸಿದಳು. "ವ್ರತ ತಗೊಳ್ಳೋ ಮೊದಲು ಮದರ್ ನಮ್ಮನ್ನೆಲ್ಲ ಕೂರಿಸಿ, ನಿಮ್ಮನ್ನ ಇಲ್ಲಿಗೆ ಕರೆದವರು ಯಾರು ಅಂತ ಕೇಳಿದ್ರು. ಒಬ್ಬಳು ಪ್ರಾರ್ಥನೆ ಮಾಡುವಾಗ ದನಿ ಕೇಳಿಸ್ತು ಅಂದ್ಲು. ಇನ್ನೊಬ್ಬಳು ಕಾಯಿಲೆಯವರ ಮುಖದಲ್ಲಿ ಸ್ವಾಮಿನ ಕಂಡೆ ಅಂದ್ಲು. ನನ್ನ ಸರದಿ ಬಂತು. ಬಾಯಿಗೆ ಸುಳ್ಳು ಬರಲಿಲ್ಲ. 'ನಮ್ಮಮ್ಮ' ಅಂದೆ."

ಚಿಕ್ಕವಳಿಗೆ ನಗು ತಡೆಯಲಾಗಲಿಲ್ಲ. ಅಪ್ಪ ಸುಮ್ಮಸುಮ್ಮನೆ ಕೆಮ್ಮಿದ.

"ಅಲ್ಲೂ ಎಲ್ಲರೂ ನಕ್ಕರು. ಮದರ್ ಮಾತ್ರ ನಗಲಿಲ್ಲ. ಆಮೇಲೆ ಕರೆದು, 'ಇನ್ನೂ ಹೊತ್ತು ಮೀರಿಲ್ಲ, ಅಮ್ಮನ ದನಿ ಯಾವುದು, ಆತನ ದನಿ ಯಾವುದು ಅಂತ ಸರಿಯಾಗಿ ಕೇಳಿಸ್ಕೋ' ಅಂದ್ರು."

"ಕೇಳಿಸ್ತಾ?" ಅಮ್ಮನ ದನಿ ಹರಿತವಾಗಿತ್ತು.

"ದನಿಗಿನಿ ಏನೂ ಇಲ್ಲಮ್ಮ. ಆದರೆ ಇವತ್ತು ಅಜ್ಜಿಯ ಕಾಲು ಮಡಿಲಲ್ಲಿ ಇಟ್ಟುಕೊಂಡಾಗ, ಮೂರು ವರ್ಷ ಬಾಯಲ್ಲಿ ಹೇಳಿದ ಪ್ರಾರ್ಥನೆ ಕೈಗೆ ಬಂತು ಅನ್ನಿಸ್ತು."

ಅಮ್ಮ ಅರ್ಧ ಊಟಕ್ಕೇ ಎದ್ದು ಕೈ ತೊಳೆದಳು. ಯಾರೂ ಅವಳನ್ನು ತಡೆಯಲಿಲ್ಲ.

ದೊಡ್ಡವಳು ಮಾರನೆಯ ದಿನದಿಂದ ಹೋದಳು. ಮೊದಲ ವಾರ ಕಸ ಗುಡಿಸಿದಳು, ಮರದ ಅಚ್ಚುಗಳ ಧೂಳು ಒರೆಸಿದಳು. ಎರಡನೆಯ ವಾರ ಮೇಷ್ಟ್ರು ಅವಳ ಕೈಗೆ ಚಾಕು ಕೊಟ್ಟು ಚೂರು ಚರ್ಮದಲ್ಲಿ ಗೀಟು ಹಾಕಿ ಕೊಯ್ಯಲು ಹೇಳಿದರು. ದಿನಾ ಸಂಜೆ ಉಗುರಿಗೆಲ್ಲ ಅಂಟು ಮೆತ್ತಿಕೊಂಡು ಬರುತ್ತಿದ್ದಳು. ಅಪ್ಪ ತನ್ನ ಬಣ್ಣ ತೊಳೆಯುವ ಎಣ್ಣೆಯ ಶೀಶೆಯನ್ನು ಯಾರಿಗೂ ಹೇಳದೆ ಬಚ್ಚಲಲ್ಲಿ ಇಟ್ಟ. ಅವನ ಹಳೆಯ ದಪ್ಪ ಬಟ್ಟೆಯ ಏಪ್ರನ್ನು ಒಂದು ದಿನ ಒಗೆಸಿಕೊಂಡು, ಮಡಿಸಿಕೊಂಡು, ಅವಳ ಚೀಲದ ಮೇಲೆ ಕೂತಿತ್ತು. ಅದರ ಹರಿದಿದ್ದ ಜೇಬನ್ನು ಯಾರೋ ಹೊಲಿದಿದ್ದರು. ಆ ಮನೆಯಲ್ಲಿ ಹೊಲಿಗೆ ಬರುತ್ತಿದ್ದುದು ಒಬ್ಬರಿಗೇ. ಆದರೂ ಮಾತು ಮಾತ್ರ ಚಿಕ್ಕವಳೆಂಬ ಟೆಲಿಫೋನಿನಲ್ಲೇ ನಡೆದಿತ್ತು.

ಐದನೆಯ ವಾರ ಚಾಕು ಜಾರಿತು. ಎಡ ಅಂಗೈ ಸೀಳಿತು. ಮೇಷ್ಟ್ರು ತೊಳೆದು ಪಟ್ಟಿ ಕಟ್ಟಿ, ಡಾಕ್ಟರಿಗೆ ತೋರಿಸು ಎಂದರು. ಆಗಲೇ ಕೆಲಸ ಬೇಡವೆನ್ನುತ್ತಿರುವ ಅಮ್ಮನಿಗೆ ಇನ್ನೊಂದು ನೆಪ ಸಿಗುತ್ತದೆಂದು ಅವಳು ಯಾರಿಗೂ ತೋರಿಸಲಿಲ್ಲ, ಉದ್ದ ತೋಳಿನ ಅಂಗಿಯೊಳಗೆ ಬಚ್ಚಿಟ್ಟಳು. ಮೂರನೆಯ ಬೆಳಿಗ್ಗೆ ಏಳಲಾಗಲಿಲ್ಲ. ಚಿಕ್ಕವಳು ಮುಟ್ಟಿ ನೋಡಿ ಕೂಗಿಕೊಂಡಳು. "ಅಮ್ಮಾ, ಅಕ್ಕನ ಮೈ ಕೆಂಡ!"

ಅಮ್ಮ ಬಂದು ಹಣೆಯ ಮೇಲೆ ಕೈ ಇಟ್ಟಳು. ಇಟ್ಟವಳು ಹಾಗೇ ಮಂಚದ ಪಕ್ಕ ಮೊಣಕಾಲೂರಿದಳು.

"ವಾಪಸ್ ಕೇಳ್ತಿದಾನೆ. ರೀ, ಆತ ವಾಪಸ್ ಕೇಳ್ತಿದಾನೆ! ಕೊಡ್ತೀನಿ ಅಂದು ಕೊಡಲಿಲ್ಲ ನಾನು..."

"ಬಾಯಿ ಮುಚ್ಚೇ," ಎಂದ ಅಪ್ಪ. ಮದುವೆಯಾದಾಗಿನಿಂದ ಅವನು ಅವಳಿಗೆ ಹಾಗೆ ಅಂದದ್ದು ಅದೇ ಮೊದಲು. "ಕೈ ಊದಿಕೊಂಡಿದೆ ನೋಡು. ಕೀವಾಗಿದೆ. ಯಾರೂ ಯಾರನ್ನೂ ಕೇಳ್ತಿಲ್ಲ. ಏಳು, ಆಸ್ಪತ್ರೆಗೆ ಹೋಗೋಣ."

ಆಸ್ಪತ್ರೆಯಲ್ಲಿ ಗಾಯ ಬಿಡಿಸಿ ತೊಳೆದರು, ಇಂಜೆಕ್ಷನ್ ಕೊಟ್ಟರು, ಐದು ದಿನದ ಮಾತ್ರೆ ಬರೆದರು. ತಡ ಮಾಡಿದ್ದಕ್ಕೆ ಬೈದರು. ಮಧ್ಯಾಹ್ನಕ್ಕೆ ಮನೆಗೆ ಕರೆತಂದು ಮಲಗಿಸಿದಾಗ ಜ್ವರ ಅರ್ಧ ಇಳಿದಿತ್ತು. ಅವಳು ನಿದ್ದೆ ಹೋದದ್ದನ್ನು ನೋಡಿ ಅಮ್ಮ ಹೊಲಿದು ಮುಗಿಸಿದ್ದ ಪೀಠದ ಬಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು ಚರ್ಚಿಗೆ ಹೋದಳು.

ವಯಸ್ಸಾದ ಗುರುಗಳು ಹಿತ್ತಲಲ್ಲಿ ಟೊಮೆಟೊ ಗಿಡಗಳಿಗೆ ಕೋಲು ಕಟ್ಟುತ್ತಿದ್ದರು.

"ಬಾಮ್ಮ. ಆ ದಾರ ಹಿಡ್ಕೋ ಸ್ವಲ್ಪ."

ಅಮ್ಮ ದಾರದ ತುದಿ ಹಿಡಿದುಕೊಂಡೇ ಎಲ್ಲವನ್ನೂ ಹೇಳಿದಳು. ಇಪ್ಪತ್ತೆರಡು ವರ್ಷದ ಹಿಂದಿನ ಮೊಗಸಾಲೆಯಿಂದ ಶುರು ಮಾಡಿ ಆ ಬೆಳಗಿನ ಜ್ವರದವರೆಗೆ.

"ಕೊಟ್ಟ ಮಾತಿಗೆ ತಪ್ಪಿದೆ ಫಾದರ್. ಅದಕ್ಕೇ ಹೀಗಾಯ್ತು."

"ಚಾಕು ತಗಲಿತು ಅಂದೆ."

"ತಗಲೋ ಹಾಗೆ ಮಾಡಿದ್ದು ಯಾರು?"

"ಹೊಸ ಕೈ ಕಣಮ್ಮ. ನಾನು ಗುರುವಾದ ಹೊಸದರಲ್ಲಿ ಪೂಜೆಯ ಬಟ್ಟಲನ್ನೇ ಕೈಜಾರಿ ಬೀಳಿಸಿದ್ದೆ. ನನ್ನನ್ನ ಯಾರೂ ವಾಪಸ್ ಕೇಳಲಿಲ್ಲ." ಗಂಟು ಬಿಗಿದು ಮುಂದಿನ ಗಿಡಕ್ಕೆ ಹೋದರು. "ನೀನು ಪೀಠಕ್ಕೆ ಅಂತ ಬಟ್ಟೆ ಹೊಲಿದು ಕೊಡ್ತೀಯಲ್ಲ, ಕೊಟ್ಟ ಮೇಲೆ ಅದನ್ನ ಎಲ್ಲಿ ಹಾಸಬೇಕು ಅಂತ ತೀರ್ಮಾನ ಮಾಡೋದು ಯಾರು?"

"ನಾನೇ," ಎಂದಳು ಅಮ್ಮ ಥಟ್ಟನೆ. "ಹೋದ ಸಲ ನೀವು ಕಸೂತಿ ಹಾಕಿದ್ದನ್ನ ಪಕ್ಕದ ಪೀಠಕ್ಕೆ ಹಾಸಿ ಸಾದಾದ್ದನ್ನ ದೊಡ್ಡ ಪೀಠಕ್ಕೆ ಹಾಸಿದ್ರಿ. ನಾನೇ ಬಂದು ಬದಲಾಯಿಸಿದೆ."

ಗುರುಗಳು ನಕ್ಕ ರಭಸಕ್ಕೆ ಕಟ್ಟುತ್ತಿದ್ದ ಕೋಲು ವಾಲಿತು.

"ನೋಡಿದ್ಯಾ? ಕೊಡ್ತೀಯ. ಕೊಟ್ಟು ಹಿಂದೆಯೇ ನಿಂತು, ಅಲ್ಲಲ್ಲ, ಇಲ್ಲಿಡಿ ಅಂತೀಯ. ಬಟ್ಟೆಯ ವಿಷಯದಲ್ಲಿ ನಾನು ಸಹಿಸ್ಕೊಂಡೆ. ಮಗಳನ್ನ ಆತನಿಗೆ ಕೊಟ್ಟೆ, ನಿಜ. ಆತ ತಗೊಂಡದ್ದೂ ನಿಜ. ಎಲ್ಲಿಡಬೇಕು ಅನ್ನೋದು ಆತನಿಗೆ ಬಿಟ್ಟದ್ದಲ್ವಾ? ಮಠದಲ್ಲಿ ಇಡಲಿಲ್ಲ, ಚರ್ಮದ ಕೋಣೇಲಿ ಇಟ್ಟ. ನಿನ್ನ ಹರಕೆ ಎಲ್ಲಮ್ಮ ತಪ್ಪಿತು?"

ಅಮ್ಮ ದಾರವನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. "ಆದರೆ ಫಾದರ್, ದೈವಕರೆ ಅಂದ್ರೆ..."

"ನನ್ನ ಥರ ನಿಲುವಂಗಿ ಹಾಕೋರಿಗೆ ಮಾತ್ರ ಬರೋ ಕಾಗದ ಅಂದ್ಕೊಂಡಿದೀಯಾ? ನಿನ್ನ ಗಂಡ ಈ ಚರ್ಚಿಗೆ ಬಣ್ಣ ಹೊಡೆದಾಗ ಗಂಟೆ ಗೋಪುರದ ಒಳಗೋಡೆಗೂ ಎರಡೆರಡು ಸಲ ಹೊಡೆದ. ಅಲ್ಲಿಗೆ ಪಾರಿವಾಳ ಬಿಟ್ಟು ಯಾರೂ ಹೋಗಲ್ಲ ಕಣಯ್ಯಾ ಅಂದೆ. 'ಮೇಲಿರೋನಿಗೆ ಕಾಣುತ್ತಲ್ಲ ಫಾದರ್' ಅಂದ. ಅವನನ್ನ ಆ ಏಣಿ ಮೇಲೆ ಹತ್ತಿಸಿದ್ದು ಯಾರು?"

"ಅವರು ನನಗೆ ಇದನ್ನ ಹೇಳಲೇ ಇಲ್ಲ."

"ನೀನು ಕೇಳಿರಲಿಕ್ಕಿಲ್ಲ," ಎಂದರು ಗುರುಗಳು. ಕೈಯ ಮಣ್ಣು ಕೊಡವಿಕೊಂಡು ಅವಳು ತಂದ ಬಟ್ಟೆಯನ್ನು ತೆಗೆದುಕೊಂಡರು. "ಇದನ್ನ ಎಲ್ಲಿ ಹಾಸಲಿ?"

ಅಮ್ಮ ಬಾಯಿ ತೆರೆದಳು, ಮುಚ್ಚಿದಳು. ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡಳು.

"ನಿಮ್ಮಿಷ್ಟ ಫಾದರ್."

ಮನೆಗೆ ಬಂದಾಗ ದೊಡ್ಡವಳು ಎದ್ದು ದಿಂಬಿಗೊರಗಿ ಕೂತಿದ್ದಳು. ಅಮ್ಮ ಬಾಗಿಲಲ್ಲೇ ನಿಂತು ಕೇಳಿದಳು. "ಗಂಜಿ ಕುಡೀತೀಯಾ? ಉಪ್ಪು ಹಾಕಲಾ, ಹಾಲು ಹಾಕಲಾ?"

ದೊಡ್ಡವಳು ಕಣ್ಣು ಮಿಟುಕಿಸಿದಳು. "ಉಪ್ಪು ಅಮ್ಮ."

"ಅಜ್ಜೀ!" ಚಿಕ್ಕವಳು ಒಳಗಿನಿಂದ ಕೂಗಿದಳು. "ನೇರ ಲೈನ್ ಸಿಕ್ತು! ನನ್ನ ಕೆಲಸ ಹೋಯ್ತು!"

ಅವತ್ತು ಅಮ್ಮ ಗಂಡನ ತಟ್ಟೆಗೆ ಎರಡು ಮೊಟ್ಟೆ ಹಾಕಿದಳು. ಅಪ್ಪ ಯಾಕೆಂದು ಕೇಳಿದ. "ಗಂಟೆ ಗೋಪುರಕ್ಕೆ," ಎಂದಳು. ಅವನಿಗೆ ಅರ್ಥವಾಗಲಿಲ್ಲ, ಆದರೆ ಮೊಟ್ಟೆ ಬಿಡಲಿಲ್ಲ.

ಕೈ ಮಾಗಿದ ಮೇಲೆ ದೊಡ್ಡವಳು ಮತ್ತೆ ಹೋದಳು. ಅಜ್ಜಿಯ ಜೋಡು ತಯಾರಾಯಿತು; ಒಳಗೆ ಮೆತ್ತನೆಯ ಹಾಸು, ಹೆಬ್ಬೆರಳ ಬುಡಕ್ಕೆ ತಗ್ಗು. ಅಜ್ಜಿ ಅದನ್ನು ಹಾಕಿಕೊಂಡು ಚರ್ಚಿಗೆ ನಡೆದೇ ಹೋದಳು. ಪೂಜೆಯಲ್ಲಿ ಮೊದಲ ಸಾಲಿನಲ್ಲಿ ಕೂತು ಕಾಲು ಚಾಚಿ ಎಲ್ಲರಿಗೂ ಕಾಣುವ ಹಾಗೆ ಇಟ್ಟಳು. "ಮಗಳು ರಜಕ್ಕೆ ಬಂದಿದ್ದಳಲ್ಲ, ಯಾವಾಗ ಹೋದಳು?" ಎಂದು ಕೇಳಿದ, ವಿಷಯ ತಿಳಿಯದ ಒಬ್ಬ ಹೆಂಗಸಿಗೆ ಅಮ್ಮ, "ರಜ ಅಲ್ಲ, ಕೆಲಸದಲ್ಲಿದಾಳೆ. ನಮ್ಮತ್ತೆಯ ಕಾಲು ನೋಡಿ," ಎಂದಳು.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಊಟದ ಡಬ್ಬಿ ಹಿಡಿದುಕೊಂಡು ಅಮ್ಮ ಮೊದಲ ಸಲ ಆ ತಗಡಿನ ಸೂರಿನ ಕೋಣೆಗೆ ಹೋದಳು. ದೊಡ್ಡವಳು ಡಬ್ಬಿ ಮರೆತು ಹೋಗಿದ್ದಳು ಎನ್ನುವುದು ನೆಪ. ಎತ್ತರದ ಕುರ್ಚಿಯಲ್ಲಿ ಬೀದಿ ಗುಡಿಸುವ ಒಬ್ಬ ಹೆಂಗಸು ಕೂತಿದ್ದಳು. ಅವಳ ಬಲಗಾಲಿನ ಮೂರು ಬೆರಳುಗಳನ್ನು ಹೋದ ವರ್ಷ ತೆಗೆದಿದ್ದರು. ಮುಂದಿನ ವಾರದೊಳಗೆ ನಡೆಯಲು ಬಾರದಿದ್ದರೆ ಅವಳ ಜಾಗಕ್ಕೆ ಬೇರೆಯವರನ್ನು ಹಾಕುತ್ತಾರಂತೆ. ದೊಡ್ಡವಳು ಅವಳ ಮುಂದೆ ಮೊಣಕಾಲೂರಿ, ಮೊದಲು ಜೋಡಿನೊಳಗೆ ತನ್ನ ಕೈ ಹಾಕಿ ಎಲ್ಲಾದರೂ ಗಂಟು, ಗೀರು ಇದೆಯೇ ಎಂದು ತಡವಿ, ಆಮೇಲೆ ಆ ಕಾಲನ್ನು ಮಗುವಿಗೆ ಅಂಗಿ ತೊಡಿಸುವ ಹಾಗೆ ಒಳಗೆ ಸೇರಿಸುತ್ತಿದ್ದಳು.

"ಪೂರ್ತಿ ಅವಳೇ ಮಾಡಿದ್ದು," ಎಂದರು ಮೇಷ್ಟ್ರು ಅಮ್ಮನ ಕಿವಿಯ ಹತ್ತಿರ. "ನಾನು ಮುಟ್ಟಿಲ್ಲ. ಮೊದಲನೇ ಜೋಡು."

ಅಮ್ಮ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದು ನಿಂತಳು.

ಹೆಂಗಸು ಎದ್ದು ನಿಂತಳು. ಎರಡು ಹೆಜ್ಜೆ ಇಟ್ಟಳು. ಗೋಡೆ ಹಿಡಿಯಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಬಾಗಿಲವರೆಗೆ ಹೋದಳು.

"ಆ ಮೂಲೆ ತನಕ ನಡೆದು ನೋಡಿ ಬರ್ತೀನಿ," ಎಂದಳು.

"ನಿಧಾನ ಅಕ್ಕಾ," ಎಂದಳು ದೊಡ್ಡವಳು.

ಹೆಂಗಸು ಬಿಸಿಲಿಗೆ ಇಳಿದಳು. ಮೂಲೆ ತನಕ ಹೋದಳು. ಅಲ್ಲಿ ಒಂದು ಗಳಿಗೆ ನಿಂತು ತನ್ನ ಕಾಲು ನೋಡಿಕೊಂಡಳು. ಆಮೇಲೆ ತಿರುವಿನಲ್ಲಿ ಮರೆಯಾದಳು. ಮೂವರೂ ಕಾದರು. ಅವಳು ಬರಲಿಲ್ಲ.

"ಇದೇನ್ರೀ ಮೇಷ್ಟ್ರೇ?" ಎಂದಳು ಅಮ್ಮ. "ಒಂದು ಮಾತು ಹೇಳಿ ಹೋಗೋದು ಬೇಡ್ವಾ? ಹುಡುಗಿ ಎಷ್ಟು ಕಷ್ಟಪಟ್ಟಿದಾಳೆ!"

"ಕಾಲಿದೆ ಅನ್ನೋದೇ ಮರೆತು ಹೋಗಿದೆ ಅವಳಿಗೆ. ನಾವು ಒದ್ದಾಡೋದೂ ಅದಕ್ಕೇ ಅಲ್ವಾ?" ಎಂದರು ಮೇಷ್ಟ್ರು.

"ಇಲ್ಲಿ ನೋಡಿ, ಹಳೇ ಚಪ್ಪಲಿ ಇಲ್ಲೇ ಬಿಟ್ಟಿದಾಳೆ!" ಅಮ್ಮ ಡಬ್ಬಿಯನ್ನು ಮಗಳ ಕೈಗೆ ತುರುಕಿ, ಬೆರಳಿನ ಕಡೆ ಕತ್ತರಿಸಿದ್ದ ಆ ಚಪ್ಪಲಿಗಳನ್ನು ಎತ್ತಿಕೊಂಡು, "ಅಮ್ಮಾ, ಏ ಅಮ್ಮಾ!" ಎಂದು ಕೂಗುತ್ತ ಬೀದಿಗೆ ಓಡಿದಳು.

ತುಂಬ ಹೊತ್ತಾದ ಮೇಲೆ ಮರಳಿ ಬಂದಳು. ಮುಖ ಕೆಂಪಾಗಿತ್ತು, ಕೂದಲು ಕೆದರಿತ್ತು, ಚಪ್ಪಲಿಗಳು ಕೈಯಲ್ಲೇ ಇದ್ದವು. ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಟ್ಟಳು.

"ನೀನು ಕೂಗಿದ್ದು ಅವಳಿಗೆ ಕೇಳಿಸಲಿಲ್ವಾ ಅಮ್ಮ?" ಎಂದಳು ದೊಡ್ಡವಳು.

"ಕೇಳಿಸ್ತು ಕಣೇ! ತಿರುಗಿ ನೋಡಿ, ಕೈ ಬೀಸಿ, ಮತ್ತೆ ಹೋದ್ಲು. ಏನು ನಡಿಗೆ ಅಂತೀಯ ಅವಳದ್ದು!" ಅಮ್ಮನಿಗೆ ನಗು ಬಂತು, ನಗುವಿನ ಜೊತೆಗೇ ಕಣ್ಣು ತುಂಬಿತು. ಆ ಹಳೆಯ ಚಪ್ಪಲಿಗಳನ್ನು ಹಿಡಿದ ಕೈಯಿಂದಲೇ ಮಗಳ ಕೆನ್ನೆ ಮುಟ್ಟಿದಳು. "ಓಡಿದರೂ ಸಿಗಲಿಲ್ಲ ಮಗಳೇ. ದೇವರಿಗೆ ಸ್ತೋತ್ರ, ಓಡಿದರೂ ಸಿಗಲಿಲ್ಲ."